ಹೋಳಿಗೆ ಬಡಿಸಿದವಳು

ಬಚ್ಚಲೊಲೆಗೆ ಉರಿ ಹಾಕಿದ್ದು, ಬೇಳೆ ಬೇಯಿಸಿ ಹೂರಣ ರುಬ್ಬಿದ್ದು, ಬಾಳೆಲೆ ಒರೆಸಿಟ್ಟಿದ್ದು, ಮಗಳ ತಲೆ ಬಾಚಿದ್ದು. ಬಾಚಣಿಗೆ ತಾಗಿದರೆ ಅವಳು ಕಿರುಚುತ್ತಿದ್ದಳು, ಆ ಒಂದು ಕೆಲಸಕ್ಕೇ ಅರ್ಧ ಬೆಳಗು. ಇಷ್ಟು ಮುಗಿಯುವ ಹೊತ್ತಿಗೆ ನಮ್ಮವರ ಅಕ್ಕ ಇಬ್ಬರು ಸೊಸೆಯರೊಡನೆ ನ್ಯಾಮತಿಯಿಂದ ಇದ್ದಿಲು ಬಸ್ಸಿನಲ್ಲಿ ಹೊನ್ನಾಳಿಗೆ ಬಂದಿಳಿದರು. ಯುದ್ಧದ ಕಾಲ, ಬಸ್ಸಿಗೆ ಪೆಟ್ರೋಲು ಇರಲಿಲ್ಲ, ಆಕೆಯ ನಾಲಿಗೆಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ.

ಒಂಬತ್ತು ವರ್ಷದ ಮಗಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೇಳಿದ ಮಾತನ್ನೇ ತಿರುಗಿ ಹೇಳುವಳು, ಇಲ್ಲವೇ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂರುವಳು. ಅಂಥ ಮಕ್ಕಳಿಗೆ ಆಗ ಎರಡೇ ಹೆಸರು: ಪೆದ್ದು, ಇಲ್ಲವೇ ಗಾಳಿ ಸೋಕಿದ್ದು. ಅಕ್ಕನವರು ಎರಡನ್ನೂ ಧಾರಾಳವಾಗಿ ಬಳಸುತ್ತಿದ್ದರು. ನೆಂಟರು ಬಂದಾಗ ಅವಳನ್ನು ಕಾಳಿನ ಕೋಣೆಯಲ್ಲಿ ಕೂಡಿಹಾಕಬೇಕೆಂಬುದು ಆಕೆಯ ಅಪ್ಪಣೆ. ನಮ್ಮವರು ಅಕ್ಕನೆದುರು ಬಾಯಿ ಬಿಡುವವರಲ್ಲ. ಈ ಸಲ ಕೂಡಿಹಾಕಲು ಬಿಡುವುದಿಲ್ಲವೆಂದು ನಾನು ನಿಶ್ಚಯಿಸಿದ್ದೆ.

ಮಳೆಗಾಲವೆಲ್ಲ ಅವಳಿಗೆ ಬಡಿಸುವುದನ್ನು ಕಲಿಸಿದ್ದೆ. ಎಲೆ ಹಾಕಿಕೊಂಡು ನಾನೇ ನೆಂಟರಂತೆ ಕೂರುತ್ತಿದ್ದೆ; ಹೋಳಿಗೆಯ ಬದಲು ತಂಗಳು ರೊಟ್ಟಿಯ ಚೂರು. ಮುಖ ನೋಡುವುದು ಬೇಡ, ಕೈ ನೋಡು. ಸಾಕೆಂದು ಕೈ ಅಡ್ಡ ಹಿಡಿದರೆ ಮುಂದಿನ ಎಲೆಗೆ ಹೋಗು ಎಂದು ಹೇಳಿಕೊಡುತ್ತಿದ್ದೆ.

ಅಂದು ಹೋಳಿಗೆಯ ಬುಟ್ಟಿ ಹಿಡಿದು ಅವಳು ಪಡಸಾಲೆಗೆ ಬಂದಳು.

"ಇದನ್ನ್ಯಾಕೆ ಹೊರಗೆ ಬಿಟ್ಟೀಯ? ನಾವು ಉಣ್ಣಾಕೆ ಬಂದೀವೋ, ಇದರ ಆಟ ನೋಡಾಕೆ ಬಂದೀವೋ?" ಅಂದರು ಅಕ್ಕನವರು.

"ಉಣ್ಣಾಕೇ ಕೂತ್ಕೊಳ್ರಿ ಅಕ್ಕಾರೆ. ಬಡಿಸೋಳು ಅವಳೇ," ಎಂದೆ.

ಮರ್ಯಾದಸ್ಥರು ಮೊದಲ ಹೋಳಿಗೆಗೇ ಎರಡೂ ಕೈ ಅಡ್ಡ ಹಿಡಿದು ಸಾಕು ಎನ್ನಬೇಕು, ಬಡಿಸುವವರು ಕೇಳದೆ ಹಾಕಬೇಕು, ಅಯ್ಯೋ ಅಯ್ಯೋ ಎನ್ನುತ್ತಲೇ ನಾಲ್ಕು ಮುಗಿಸಬೇಕು. ಈ ನಾಟಕದಲ್ಲಿ ಅಕ್ಕನವರನ್ನು ಮೀರಿಸುವವರಿರಲಿಲ್ಲ. ಅಂದೂ ಕೈ ಅಡ್ಡ ಹಿಡಿದು ಸಾಕು ಸಾಕು ಅಂದರು. ಮಗಳು "ಸಾಕು ಸಾಕು" ಎಂದು ತಿರುಗಿ ಹೇಳಿ ಮುಂದಿನ ಎಲೆಗೆ ನಡೆದಳು. ಸೊಸೆಯರು ಹಸಿದಿದ್ದರು, ಸುಮ್ಮನೆ ಹಾಕಿಸಿಕೊಂಡು ತುಪ್ಪದಲ್ಲಿ ಅದ್ದಿ ಉಂಡರು. ಎರಡನೇ ಸುತ್ತಿನಲ್ಲೂ ಅದೇ ಆಯಿತು. ಕೇಳಿದರೆ ಹೊಟ್ಟೆಬಾಕಿ ಎನಿಸಿಕೊಳ್ಳಬೇಕು, ಕೇಳದಿದ್ದರೆ ಬರಿ ಎಲೆ. ಅಕ್ಕನವರು ಬಾಗಿಲಲ್ಲಿ ನಿಂತಿದ್ದ ನನ್ನತ್ತ ಎರಡು ಸಲ ನೋಡಿದರು. ನಾನು ಬುಟ್ಟಿ ಮುಟ್ಟಲಿಲ್ಲ.

ಮೂರನೇ ಸಲ ಬುಟ್ಟಿ ದಾಟುವಾಗ ಕೈ ಹಿಂದೆಳೆದುಕೊಂಡು, "ಬಾರವ್ವ ಇಲ್ಲಿ, ನಂಗೊಂದು ಹಾಕು," ಅಂದರು.

ಮಗಳು ಒಂದು ಹಾಕಿದಳು. ಅಷ್ಟು ವರ್ಷಗಳಲ್ಲಿ ಆಕೆ ಅವಳೊಡನೆ ನೇರವಾಗಿ ಆಡಿದ ಮೊದಲ ಮಾತು ಅದು, ಅದೂ ಹೋಳಿಗೆಗಾಗಿ. ಕೈ ತೊಳೆಯುವಾಗ ತಮ್ಮನಿಗೆ, ಹುಡುಗಿಗೆ ಬಡಿಸಾಕೆ ಬರ್ತೈತೆ ಅಂತ ಮೊದಲೇ ಹೇಳಬಾರದಿತ್ತಾ ಎಂದು ಗದರಿದರಂತೆ. ಕೋಣೆಯ ಮಾತು ಮತ್ತೆ ಎತ್ತಲಿಲ್ಲ.

ರಾತ್ರಿಗೆ ಬೇಳೆಯ ಕಟ್ಟಿನ ಸಾರು, ಅನ್ನ, ಉಳಿದ ಹೋಳಿಗೆ. ಮೊದಲು ನಿದ್ದೆ ಹೋದವಳು ಮಗಳು, ಪಡಸಾಲೆಯಲ್ಲಿ, ನೆಂಟರ ಸಾಲಿನಲ್ಲೇ.