ಬಾಂಡ್ ಪೇಪರಿಗೆ ಹೇಳಿದ ಗುಟ್ಟು

ನಮ್ಮ ಸುಂಕದಕಟ್ಟೆಯ ರಸ್ತೆಗೆ ಕಾವೇರಿ ನೀರು ಯಾವಾಗ ಬರುತ್ತದೆಂದು ನೀರು ಬಿಡುವವನನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿರುವುದಿಲ್ಲ. ಅವನು ವಾಲ್ವ್ ತಿರುಗಿಸಿ ಮೊಬೈಲಿನಲ್ಲಿ ಒಂದು ಬಟನ್ ಒತ್ತಿದರೆ ಇಡೀ ರಸ್ತೆಯ ಫೋನುಗಳು ಕೂಗಬೇಕು. ಇದು ನನ್ನ ತಲೆಗೆ ಹೊಳೆದ ಆ್ಯಪ್. ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದರೆ ಸಂಜೆಯೊಳಗೆ ಟೀ ಅಂಗಡಿಗೆಲ್ಲ ಗೊತ್ತಾಗಿರುತ್ತಿತ್ತು.

ಆ್ಯಪ್ ಮಾಡಿಕೊಡಲು ಸಿಕ್ಕವನು ನಾಗರಬಾವಿಯಲ್ಲಿ ರೂಮು ಮಾಡಿಕೊಂಡಿದ್ದ ವಿಜಯಪುರದ ಕಡೆಯವನು. ಅವನ ಬ್ಯಾಗು, ಲ್ಯಾಪ್‌ಟಾಪು, ನಗು, ಯಾವುದನ್ನೂ ನಾನು ನಂಬಲಿಲ್ಲ. ಬಿಸಿಲಲ್ಲಿ ಗೇಟಿನಾಚೆಯೇ ನಿಲ್ಲಿಸಿ, ಗುಟ್ಟು ಹೊರಗೆ ಬಿಡುವುದಿಲ್ಲವೆಂದು ಸೈನ್ ಹಾಕಬೇಕಾದ ಬಾಂಡ್ ಚಾಚಿದೆ. ಅವನು ಏನೇನು ಕದಿಯಬಾರದೋ ಅಷ್ಟನ್ನೂ, ಬಟನ್ನಿನ ಬಣ್ಣದ ಸಮೇತ, ಟೈಪಿಂಗ್ ಅಂಗಡಿಯಲ್ಲಿ ಕೂತು ಬರೆಸಿದ್ದೆ.

"ಮೇಡಂ, ಇಷ್ಟೆಲ್ಲಾ ಬರೀಬಾರದ್ರಿ. ಹೊರಗ ಹೇಳಂಗಿಲ್ಲ ಅಂತ ಬರದ್ರ ಸಾಕ್ರಿ" ಅಂದ.

"ಯಾಕೆ, ತಪ್ಪಿಸ್ಕೊಳ್ಳೋಕೆ ದಾರಿ ಬೇಕಾ? ಸುಮ್ನೆ ಸೈನ್ ಹಾಕಪ್ಪ."

ಹಾಕಿದ.

ಹದಿನೈದು ದಿನ ಕಳೆದಿರಲಿಲ್ಲ. ಎದುರುಮನೆಯಾಕೆ ಕಾಂಪೌಂಡಿನಿಂದಲೇ, "ನೀರು ಬಿಟ್ರೆ ಫೋನ್ ಕೂಗೋ ಆ್ಯಪ್ ಬರುತ್ತಂತೆ, ಗೊತ್ತಾ?" ಅಂದರು. ನನಗೆ ಮೈಯೆಲ್ಲ ಉರಿಯಿತು. ಅವನನ್ನು ಕರೆಸಿ, ನಡುರಸ್ತೆಯಲ್ಲಿ ನಾಲ್ಕು ಮನೆಗೆ ಕೇಳುವಂತೆ "ಕಳ್ಳ" ಎಂದೆ. ಅವನು ತಲೆ ತಗ್ಗಿಸಿಕೊಂಡು ಹೋದ. ಅದನ್ನೂ ನಾನು ತಪ್ಪೊಪ್ಪಿಗೆ ಎಂದೇ ತಿಳಿದೆ.

ಪೊಲೀಸರಿಗೆ ದೂರು ಬರೆಸಲು ಅದೇ ಟೈಪಿಂಗ್ ಅಂಗಡಿಗೆ ಹೋದೆ. ಕೌಂಟರಿನ ಮೇಲೆ ಮಾದರಿ ಪತ್ರಗಳ ಫೈಲು ಬಿಚ್ಚಿಕೊಂಡು ಬಿದ್ದಿತ್ತು. ಬಾಡಿಗೆ ಕರಾರಿನ ಪಕ್ಕದಲ್ಲೇ ನನ್ನ ಬಾಂಡು. ಹೆಸರು ಮಾತ್ರ ಅಳಿಸಿದ್ದರು; ನೀರು, ವಾಲ್ವು, ಬಟನ್ನು, ಅದರ ಬಣ್ಣ ಎಲ್ಲ ಹಾಗೇ ಇತ್ತು.

"ನಿಮ್ದು ಡೀಟೇಲಾಗಿ ಚೆನ್ನಾಗಿ ಬಂದಿತ್ತು ಆಂಟಿ. ಆ್ಯಪ್ ಬಾಂಡ್ ಅಂತ ಬರೋರಿಗೆಲ್ಲ ಅದನ್ನೇ ತೋರಿಸ್ತೀವಿ" ಎಂದಳು ಟೈಪ್ ಮಾಡುವವಳು. ಅವಳಿಗೆ ಹೊಡೆಯದೆ ಹೇಗೆ ಆಚೆ ಬಂದೆನೋ ಗೊತ್ತಿಲ್ಲ.

ನಾಗರಬಾವಿಯಲ್ಲಿ ಅವನ ರೂಮು ಹುಡುಕಿಕೊಂಡು ಹೋದೆ. ತಪ್ಪಾಯಿತು, ಕೆಲಸ ಶುರು ಮಾಡು ಎಂದೆ.

"ಬ್ಯಾರೆಯವರನ್ನ ನೋಡ್ಕೋರಿ ಮೇಡಂ. ನಿಮ್ಮ ಆ್ಯಪ್ ಬಗ್ಗೆ ನಾ ಯಾರಿಗೂ ಹೇಳಂಗಿಲ್ಲ. ಸೈನ್ ಹಾಕೀನಲ್ಲ."

ಹೀಗೆಂದವನು ಒಳಗೆ ಹೋಗಿ, ಬಿಸಿಲಲ್ಲಿ ಬಂದೀರಿ ಎಂದು ತಂಬಿಗೆಯಲ್ಲಿ ನೀರು ತಂದುಕೊಟ್ಟ. ನಾನು ಗೇಟಿನಾಚೆ ನಿಲ್ಲಿಸಿದ ದಿನ ಅವನಿಗೆ ಒಂದು ಲೋಟ ನೀರನ್ನೂ ಕೊಟ್ಟಿರಲಿಲ್ಲ.