ಒಣಮೆಣಸಿನ ತೊಟ್ಟಿನ ಹೆಪ್ಪು

ಮಧುಗಿರಿ ಬೆಟ್ಟದ ಬುಡದ ಬೀದಿಗೆ ನಾನು ಬಾಡಿಗೆಗೆ ಬಂದ ದಿನ, ಇನ್ನೂ ಪಾತ್ರೆಯ ಮೂಟೆ ಬಿಚ್ಚಿರಲಿಲ್ಲ, ಎದುರುಮನೆಯ ಅಕ್ಕ ಹೆಪ್ಪು ತಂದುಕೊಟ್ಟಳು. ಸ್ಟೀಲ್ ಬಟ್ಟಲಿನ ತಳದಲ್ಲಿ ಒಂದು ಚಮಚ ಮೊಸರು.

"ಹೆಪ್ಪಿಲ್ದಿರೋ ಮನೆ ಅದೂ ಒಂದು ಮನೆಯೇನಮ್ಮ? ಹಾಲು ಉಗುರು ಬೆಚ್ಚಗಿರೋವಾಗ ಹಾಕ್ಬುಡು. ಬಿಸಿಗೆ ಹಾಕ್ಬ್ಯಾಡ, ಕೆಟ್ಟೋಯ್ತದೆ."

ಕೊಡಿಗೇನಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೇ ಹೆಪ್ಪು ಹಾಕುವ ಪಾಠ. ನಗು ಬಂದರೂ ಕೈಚಾಚಿ ತಗೊಂಡೆ. ನನಗೆ ಮದುವೆಯಾಗಿಲ್ಲ. ಕೊರಟಗೆರೆಯಲ್ಲಿದ್ದ ತಾಯಿ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ನನ್ನನ್ನು 'ನೀನು' ಅನ್ನುವವರು, 'ಉಂಡ್ಯಾ' ಅಂತ ಕೇಳುವವರು ಬೇಕಾಗಿದ್ದರು, ಸಿಕ್ಕಿದಳು ಅಂದುಕೊಂಡೆ.

ಅಕ್ಕ ಪಾವಗಡದ ಕಡೆಯವಳು. ಸಲಿಗೆ ಹೆಚ್ಚಾದರೂ ತೆಲುಗು, ಸಿಟ್ಟು ಹೆಚ್ಚಾದರೂ ತೆಲುಗು. ಆ ಬೀದಿಯಲ್ಲಿ ಹೆಪ್ಪು ಒಂದೇ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಇವತ್ತು ಒಬ್ಬರ ಮನೆಯಲ್ಲಿ ನೆಂಟರು ಬಂದು ಮೊಸರು ತಳ ಕಂಡರೆ ಪಕ್ಕದ ಮನೆಯಿಂದ ಬಟ್ಟಲು ಬರುತ್ತಿತ್ತು, ನಾಳೆ ಅವರ ಮನೆಗೆ ಇವರದ್ದು. ದೀಪ ಹಚ್ಚಿದ ಮೇಲೆ ಕೇಳಬಾರದು, ಅಷ್ಟೇ ಕಟ್ಟಳೆ. ಇನ್ನೊಂದಿತ್ತು: ಬಟ್ಟಲನ್ನು ಬರಿದಾಗಿ ವಾಪಸ್ಸು ಕೊಡಬಾರದು. ಒಂದೆಸಳು ಕರಿಬೇವೋ ಚಿಟಿಕೆ ಸಕ್ಕರೆಯೋ ಏನಾದರೂ ಇರಬೇಕು. ಹೀಗೆ ತಿರುಗಿ ತಿರುಗಿ ಇಡೀ ಬೀದಿಯದ್ದು ಒಂದೇ ಮೊಸರಾಗಿತ್ತು.

ಹುಣಸೆಹಣ್ಣಿನ ಕಾಲದಲ್ಲಿ ಹೆಂಗಸರೆಲ್ಲ ಸಂಜೆ ಅಕ್ಕನ ಜಗಲಿಯಲ್ಲಿ ಕೂತು ಬೀಜ ಬಿಡಿಸುತ್ತಿದ್ದರು. ಸ್ಕೂಲಿನಿಂದ ಬಂದವಳು ನಾನೂ ಕೂರುತ್ತಿದ್ದೆ. ಒಂದು ದಿನ ಅಕ್ಕ ಕೇಳಿದಳು, "ಅಲ್ಲ ಕಣಮ್ಮ ಟೀಚರಮ್ಮ, ಒಂದು ಚಮಚ ಹೆಪ್ಪು ಅಷ್ಟೊಂದು ಹಾಲ್ನ ಹೆಂಗೆ ಮೊಸರು ಮಾಡ್ತದೆ?"

ಅಷ್ಟು ಸಾಕಿತ್ತು ನನ್ನ ನಾಲಿಗೆಗೆ. "ಅದರಲ್ಲಿ ಜೀವ ಇರ್ತವೆ ಅಕ್ಕ. ಬ್ಯಾಕ್ಟೀರಿಯಾ ಅಂತ. ಕಣ್ಣಿಗೆ ಕಾಣಲ್ಲ. ಹಾಲಿನಲ್ಲಿರೋ ಸಕ್ಕರೆ ತಿಂದು ಹುಳಿ ಮಾಡ್ತವೆ, ಬೆಳಗಾಗೋದರೊಳಗೆ ಕೋಟಿಗಟ್ಟಲೆ ಆಗ್ತವೆ. ನಿನ್ನ ಬಟ್ಟಲು ನಮ್ಮನೆಗೆ ಬಂತು ಅಂದ್ರೆ ನಿಮ್ಮನೇಲಿರೋ ಬ್ಯಾಕ್ಟೀರಿಯಾನೇ ನಮ್ಮನೆಗೆ ಬಂದ ಹಾಗೆ. ನಮ್ಮ ಮೈಯೊಳಗೂ ಅಷ್ಟೇ, ಒಳ್ಳೆಯವೂ ಇದಾವೆ, ಕೆಟ್ಟವೂ ಇದಾವೆ."

"ಅಂಗಾದ್ರೆ ಇಷ್ಟು ದಿನ ಈವಮ್ಮ ನಮ್ಗೆ ಹುಳ ತಿನ್ನುಸ್ತಿದ್ಲು," ಅಂತ ಒಬ್ಬಳು ಅಕ್ಕನನ್ನು ತೋರಿಸಿ ಅಂದಳು. ಎಲ್ಲರೂ ನಕ್ಕರು. ಇಷ್ಟು ಚೆನ್ನಾಗಿ ಕೇಳುವ ಮಕ್ಕಳು ನನ್ನ ತರಗತಿಯಲ್ಲೂ ಇರಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ.

ಆಮೇಲೆ ಬಂತು ಕೆಮ್ಮು. ಸೀಮೆಸುಣ್ಣದ ಧೂಳು ಅಂದುಕೊಂಡೆ, ಬಸ್ಸಿನ ಧೂಳು ಅಂದುಕೊಂಡೆ. ಸಂಜೆ ಸಣ್ಣಗೆ ಜ್ವರ ಬರುತ್ತಿತ್ತು, ಸೀರೆ ಸಡಿಲವಾಗುತ್ತಿತ್ತು. ಬೋರ್ಡಿನ ಮೇಲೆ ಕ್ಷಯದ ಲಕ್ಷಣಗಳನ್ನು ವರ್ಷವರ್ಷ ಬರೆಸಿದವಳಿಗೆ ತನ್ನ ಎದೆಯೊಳಗಿನದು ತಿಳಿಯಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಕಫ ಕೊಟ್ಟೆ. ಟಿಬಿ ಅಂದರು. ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಿಸಬಾರದು.

ಮೊಸರಿನ ಬ್ಯಾಕ್ಟೀರಿಯಾಗೆ ಅವಸರ ಜಾಸ್ತಿ, ರಾತ್ರಿ ಬಿಟ್ಟರೆ ಬೆಳಗ್ಗೆ ಪಾತ್ರೆ ತುಂಬಿರುತ್ತದೆ. ಕ್ಷಯದ್ದು ಬಲು ನಿಧಾನದ್ದು. ಎಂದೋ ಯಾವ ಬಸ್ಸಿನಲ್ಲೋ ಉಸಿರಿನ ಜೊತೆ ಒಳಗೆ ಬಂದು, ವರ್ಷಗಟ್ಟಲೆ ಸುಮ್ಮನೆ ಮಲಗಿದ್ದು, ಮೈ ಸೊರಗಿದ್ದು ನೋಡಿ ಎದ್ದು ಕೂತಿರಬಹುದು ಅಂದರು ಡಾಕ್ಟರು. ನನ್ನ ಜೊತೆ ಒಂದೇ ಸೂರಿನಡಿ ಅಷ್ಟು ದಿನ ಇದ್ದದ್ದು ಅದೊಂದೇ ಇರಬೇಕು. ಹೀಗೂ ಅಂದುಕೊಂಡು ನಕ್ಕಿದ್ದೇನೆ, ಆಮೇಲೆ ಅತ್ತಿದ್ದೇನೆ.

ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬಾಯಿ ಕಹಿ, ಹೊಟ್ಟೆ ತೊಳಸು. ಆ ಮಾತ್ರೆಗಳಿಗೆ ಶತ್ರು ಮಿತ್ರ ಅಂತ ಅಷ್ಟಾಗಿ ತಿಳಿಯುವುದಿಲ್ಲ, ಎದೆಯಲ್ಲಿರುವ ಕೆಟ್ಟದ್ದರ ಜೊತೆ ಹೊಟ್ಟೆಯಲ್ಲಿರುವ ಒಳ್ಳೆಯವಕ್ಕೂ ಪೆಟ್ಟು. ಮೊದಲ ದಿನಗಳಲ್ಲಿ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಎದ್ದು ನೋಡಿದರೆ ಮೊಸರಿನ ಪಾತ್ರೆಯಲ್ಲಿ ಹಸಿರು ಬೂಸಲು.

ಬೀದಿಗೆ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬಸುರಿಯಿಲ್ಲದ, ಕೂಸಿಲ್ಲದ ಮನೆಗೆ ಆಶಾ ಕಾರ್ಯಕರ್ತೆ ಪದೇ ಪದೇ ಯಾಕೆ ಬರುತ್ತಾಳೆ ಅಂತ ಜಗಲಿಯ ಮೇಲೆ ಲೆಕ್ಕ ಹಾಕುವುದು ಎಷ್ಟು ಹೊತ್ತಿನ ಕೆಲಸ? ಒಂದು ಬೆಳಗ್ಗೆ ಬಾಗಿಲು ತೆಗೆದರೆ ನನ್ನ ಬಟ್ಟಲು ಹೊಸ್ತಿಲಾಚೆ ಇತ್ತು, ಅಕ್ಕನ ಮನೆಗೆ ಹಿಂದೆ ಹೆಪ್ಪು ತಗೊಂಡು ಹೋಗಿದ್ದ ಬಟ್ಟಲು. ಥಳಥಳ ತೊಳೆದು ಬೋರಲು ಹಾಕಿದ್ದರು. ಎತ್ತಿ ನೋಡಿದೆ. ಒಂದೆಸಳು ಕರಿಬೇವೂ ಇರಲಿಲ್ಲ.

ಆದರೂ ನನಗೆ ಬುದ್ಧಿ ಬರಲಿಲ್ಲ. ಹೊಟ್ಟೆಗೆ ಮಜ್ಜಿಗೆ ಬೇಕೇ ಬೇಕಾಗಿತ್ತು. ಅಂಗಡಿಯಲ್ಲಿ ಪ್ಯಾಕೆಟ್ ಮೊಸರು ಸಿಗುತ್ತಿತ್ತು, ಸುಳ್ಳೇಕೆ ಹೇಳಲಿ. ನನಗೆ ಬೇಕಾಗಿದ್ದದ್ದು ಆ ಮನೆಯ ಹೆಪ್ಪು. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಅದೇ ಬಟ್ಟಲು ಹಿಡಿದು, ಹಾಡಹಗಲಲ್ಲಿ ಬೀದಿ ದಾಟಿದೆ.

"ಹೆಪ್ಪು ಕೊಡಕ್ಕ."

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಯಾರೋ ಮಜ್ಜಿಗೆ ಕಡೆಯುವ ಸದ್ದು ಚೆನ್ನಾಗಿ ಕೇಳುತ್ತಿತ್ತು.

"ಮುಗಿದೋಗದೆ ಕಣ್ರೀ," ಅಂದಳು. ಆ 'ರೀ' ಹೊಸದು. ಆಮೇಲೆ ಅವಳಿಗೇ ಸುಳ್ಳು ಸಾಕಾಯಿತೇನೋ, ದನಿ ತಗ್ಗಿಸಿದಳು. "ಕೊಟ್ರೆ ಒಂದಿನ ತಗೋಬೇಕಾಗ್ತದೆ ಟೀಚರಮ್ಮ. ಎರಡೂ ಬ್ಯಾಡ ಬುಡಿ. ನೀವೇ ಹೇಳಿದ್ರಲ್ಲ, ಹೆಪ್ಪಿನ ಜೊತೆ ಮನೇಲಿರೋದೆಲ್ಲ ಬರ್ತದೆ ಅಂತ. ಮನೇಲಿ ಮೊಮ್ಮಗು ಐತೆ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾನು ಹೇಳಿಕೊಟ್ಟ ಪಾಠವನ್ನು ಇಷ್ಟು ನೆನಪಿಟ್ಟುಕೊಂಡು ಒಪ್ಪಿಸಿದವರು ಇನ್ನೊಬ್ಬರಿಲ್ಲ. ಬೀದಿಯ ನಡುವೆ ನಿಂತು ಮತ್ತೆ ಪಾಠ ಮಾಡಿದೆ. ಆ ಬ್ಯಾಕ್ಟೀರಿಯಾ ಬೇರೆ, ಈ ಬ್ಯಾಕ್ಟೀರಿಯಾ ಬೇರೆ. ಅದು ಹೋಗುವುದು ಕೆಮ್ಮಿದ ಗಾಳಿಯಲ್ಲಿ, ಬಟ್ಟಲಲ್ಲಿ ಅಲ್ಲ, ಮೊಸರಲ್ಲಿ ಅಲ್ಲ. ಮಾತ್ರೆ ನುಂಗುತ್ತಾ ಹೋದರೆ ಕೆಲವು ವಾರಕ್ಕೆ ಅಂಟುವುದೂ ನಿಲ್ಲುತ್ತದೆ. ನಡುವೆ ಕೆಮ್ಮು ಬಂತು. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

"ಏಮೋ ತಲ್ಲಿ, ನಂಗದೆಲ್ಲ ತಿಳಿಯಾಕಿಲ್ಲ," ಅಂತ ಒಳಗೆ ಹೋದಳು.

ಮೊಮ್ಮಗುವಿನ ಭಯ ನನಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾದರೆ ನೋವು ಕಮ್ಮಿಯಾಗುತ್ತದೆ ಅಂತ ಯಾರು ಹೇಳಿದ್ದು? ಮನೆಗೆ ಬಂದು ಬಟ್ಟಲನ್ನು ಗೋಡೆಗೆ ಎಸೆದೆ. ಸೊಟ್ಟಗಾಯಿತು. ಇವತ್ತಿಗೂ ಹಾಗೇ ಇದೆ.

ಹಟ ಬಂತು. ಹೆಪ್ಪು ತೀರಿದಾಗ ಅಮ್ಮ ಒಣಮೆಣಸಿನಕಾಯಿಯ ತೊಟ್ಟು ಮುರಿದು ಬೆಚ್ಚಗಿನ ಹಾಲಿಗೆ ಹಾಕುತ್ತಿದ್ದದ್ದು ನೆನಪಾಯಿತು. ತೊಟ್ಟಿನ ಮೇಲೂ ಅದೇ ಜಾತಿಯ ಜೀವಗಳಿರುತ್ತವೆ, ಹಾಲು ಸಿಕ್ಕರೆ ಏಳುತ್ತವೆ. ಡಬ್ಬಿಯಿಂದ ಮೆಣಸಿನಕಾಯಿ ತೆಗೆದು ಒಂದು ಹಿಡಿ ತೊಟ್ಟು ಮುರಿದು ಹಾಕಿ ಮುಚ್ಚಿಟ್ಟೆ. ಮೊದಲ ಸಲ ನೀರು ನೀರಾಗಿ, ಸ್ವಲ್ಪ ಖಾರದ ವಾಸನೆ. ಅದರಲ್ಲೇ ಒಂದು ಚಮಚ ತೆಗೆದು ಮಾರನೆಯ ದಿನ ಹಾಕಿದೆ. ಆ ಸಲ ಪಾತ್ರೆ ಓರೆ ಮಾಡಿದರೂ ಅಲ್ಲಾಡದ ಮೊಸರು. ತೋರಿಸಲು ಯಾರೂ ಇರಲಿಲ್ಲ. ಪಾತ್ರೆ ಓರೆ ಮಾಡಿ ನಾನೇ ನೋಡಿಕೊಂಡೆ.

ಹಾಗೆ ಕಳೆಯಿತು ಆ ಕಾಲ. ಮಾತ್ರೆ, ಗಂಜಿ, ಮಜ್ಜಿಗೆ, ಕಿಟಕಿ. ಸಂಜೆ ಬೆಟ್ಟದ ಬಂಡೆ ಹಗಲಿನ ಕಾವನ್ನೆಲ್ಲ ಬೀದಿಗೆ ಬಿಡುತ್ತಿತ್ತು, ಎಲ್ಲರೂ ಜಗಲಿಗೆ ಬರುತ್ತಿದ್ದರು, ನಾನು ಒಳಗೇ ಬೇಯುತ್ತಿದ್ದೆ. ನನ್ನ ಮನೆಯಲ್ಲಿ ಕೂತು ಮಜ್ಜಿಗೆ ಕುಡಿದವಳು ಆಶಾ ಕಾರ್ಯಕರ್ತೆಯೊಬ್ಬಳೇ. "ಮೊಸರು ಎಲ್ಲಿ ತರ್ತೀರ ಮೇಡಂ, ಬೋ ಚೆನ್ನಾಗೈತೆ," ಅಂದ ದಿನ ನನಗೆ ಹಬ್ಬ. ಅವಳ ಮುಂದೆ ಅಳಬಾರದು ಅಂತ ಲೋಟ ತೊಳೆಯಲು ಎದ್ದುಹೋದೆ.

ಮಾತ್ರೆ ಮುಗಿಯಿತು. ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಅಂದರು, ಗುಣವಾಗಿದೆ ಅಂದರು. ಬಸ್‌ಸ್ಟ್ಯಾಂಡಿನಿಂದ ಹೆಚ್ಚು ಕಡಿಮೆ ಓಡಿಯೇ ಬಂದೆ. ಅಕ್ಕ ಜಗಲಿಯ ಮೇಲಿದ್ದಳು.

"ಗುಣ ಆಯ್ತು ಅಕ್ಕ. ಆಸ್ಪತ್ರೆಯಲ್ಲೇ ಹೇಳಿದ್ರು."

"ಒಳ್ಳೇದಾಯ್ತು ಬುಡಿ," ಅಂದಳು. ಕೂತಲ್ಲಿಂದ ಏಳಲಿಲ್ಲ, 'ಬಾ ಕೂತ್ಕೋ' ಅನ್ನಲಿಲ್ಲ. ಎದೆಯೊಳಗಿನ ಬ್ಯಾಕ್ಟೀರಿಯಾ ಸತ್ತಿತ್ತು, ಬೀದಿಯೊಳಗಿನದ್ದಕ್ಕೆ ಮಾತ್ರೆ ಇರಲಿಲ್ಲ. ಸ್ಕೂಲಿಗೆ ಹೋಗತೊಡಗಿದೆ. ಅಕ್ಕ ಮತ್ತೆ ಬಟ್ಟಲು ಹಿಡಿದು ಈ ಹೊಸ್ತಿಲಿಗೆ ಬರುತ್ತಾಳಾ ಇಲ್ಲವಾ ಅನ್ನುವುದೊಂದೇ ನನಗೆ ಬೇಕಾಗಿದ್ದ ಪರೀಕ್ಷೆ, ನನ್ನ ಪಾಲಿಗೆ ಅದರ ಫಲಿತಾಂಶ ಬಂದಿರಲಿಲ್ಲ.

ಬೇಸಿಗೆ ಬಂತು. ಬೀದಿಯ ಮೊಸರೆಲ್ಲ ಕೆಟ್ಟಿತು. ಚಮಚ ಎತ್ತಿದರೆ ಲೋಳೆ ಲೋಳೆಯಾಗಿ ನೂಲಿನಂತೆ ಎಳೆ ಬರುತ್ತದೆ ಅಂತ ಜಗಲಿಯ ಮಾತು ಕಿಟಕಿಯಲ್ಲಿ ಕೇಳುತ್ತಿತ್ತು. ಎಲ್ಲರದ್ದೂ ಒಂದೇ ಹೆಪ್ಪಲ್ಲವೇ, ಒಂದು ಮನೆಯಲ್ಲಿ ಕೆಟ್ಟದ್ದು ಹೊಕ್ಕರೆ ಎಲ್ಲ ಮನೆಯಲ್ಲೂ ಹೊಕ್ಕಿತು. ಒಬ್ಬಳು ಶಿರಾದ ತವರಿನಿಂದ ಹೆಪ್ಪು ತಂದಳು, ಅದೂ ಎರಡೇ ದಿನಕ್ಕೆ ಲೋಳೆ. ಪಾತ್ರೆಗಳಿಗೇ ಅದು ಮೆತ್ತಿಕೊಂಡಿತ್ತು. ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಅಕ್ಕ ತನ್ನ ಮನೆಯ ಮೆಟ್ಟಿಲಿಳಿದು ಬೀದಿ ದಾಟುವುದು ಕಿಟಕಿಯಲ್ಲಿ ಕಂಡಿತು. ನನ್ನ ಮನೆಗೇ. ಓಡಿಹೋಗಿ ಬಟ್ಟಲನ್ನು ಬಿಸಿನೀರಿನಲ್ಲಿ ಮತ್ತೊಮ್ಮೆ ತೊಳೆದು ಮೊಸರು ತುಂಬಿದೆ. ಹೆಪ್ಪಿಗೆ ಒಂದು ಚಮಚ ಸಾಕು, ನಾನು ಅಂಚಿನವರೆಗೆ ತುಂಬಿದ್ದೆ. ಚೆಲ್ಲದ ಹಾಗೆ ಒಂದು ಕೈಯಲ್ಲಿ ಹಿಡಿದು ಬಾಗಿಲು ತೆಗೆದೆ.

ಅಕ್ಕ ಹೊಸ್ತಿಲಾಚೆ ನಿಂತಿದ್ದಳು. "ನಿಮ್ಮನೆ ಮೊಸರು ಚೆಂದಾಗಿ ಕೂರ್ತದಂತೆ. ಆಶಾದವಳು ಹೇಳ್ತಿದ್ಲು."

"ಹೌದಕ್ಕ. ತಗೋ," ಅಂತ ಬಟ್ಟಲು ಚಾಚಿದೆ.

ಅವಳು ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ಬ್ಯಾಡ ಬ್ಯಾಡ. ಹೆಂಗೆ ಹಾಕ್ತೀರ ಅಂತ ಹೇಳಿ, ಸಾಕು."

ಬಟ್ಟಲನ್ನು ಹಾಗೇ ಹಿಡಿದುಕೊಂಡು ಹೇಳಿದೆ. ಪಾತ್ರೆಗಳನ್ನೆಲ್ಲ ಕುದಿನೀರಿನಲ್ಲಿ ಅದ್ದಬೇಕು, ಬಿಸಿಲಿಗಿಡಬೇಕು. ಹಳೆ ಹೆಪ್ಪು ಒಂದು ಹನಿಯೂ ಉಳಿಯಬಾರದು. ಒಣಮೆಣಸಿನಕಾಯಿ ತೊಟ್ಟು ಹಾಕಬೇಕು, ಎರಡನೆಯ ಸಲಕ್ಕೆ ಗಟ್ಟಿಯಾಗುತ್ತದೆ. ಹೇಳದೆ ಇದ್ದಿದ್ದರೆ ಅವಳು ಬಟ್ಟಲು ತಗೊಳ್ಳಲೇಬೇಕಾಗುತ್ತಿತ್ತೇನೋ. ಆದರೆ ಕೇಳಿದರೆ ಹೇಳದೆ ಇರುವ ಬಾಯಿಯಲ್ಲ ನನ್ನದು.

"ಮೆಣಸಿನಕಾಯಿ ಎಲ್ಲಿ ತರಾನ ಈಗ," ಅಂದಳು ಅಕ್ಕ. "ವರ್ಷದ ಖಾರದಪುಡಿ ಮಾಡ್ಸ್‌ಬುಟ್ವಿ. ತೊಟ್ಟೆಲ್ಲ ತಿಪ್ಪೆಗೆ ಹಾಕಿದ್ದಾಯ್ತು. ನಿಮ್ಮನೇಲಿ ಇದ್ರೆ ಒಂದಿಷ್ಟು ಮುರ್ಕೊಡಿ. ಒಣಗಿರೋ ಪದಾರ್ಥ ಅಲ್ವಾ, ಅದಕ್ಕೇನು ದೋಷ?"

ನಮ್ಮ ಕಡೆ ಹಾಗೇ. ಹಸಿಯದ್ದಕ್ಕೆ, ಬೇಯಿಸಿದ್ದಕ್ಕೆ ಮೈಲಿಗೆ, ಒಣಗಿದ್ದಕ್ಕೆ ಏನೂ ಅಂಟುವುದಿಲ್ಲ. ಒಳಗೆ ಹೋಗಿ ಡಬ್ಬಿ ತಂದು ಅವಳೆದುರಿಗೇ ಒಂದೊಂದೇ ತೊಟ್ಟು ಮುರಿದು ಚಾಚಿದ ಸೆರಗಿಗೆ ಹಾಕಿದೆ. ಆ ತೊಟ್ಟುಗಳ ಮೇಲೆ ನನ್ನ ಡಬ್ಬಿಯವು, ನನ್ನ ಅಡುಗೆಮನೆಯವು, ಈಗ ಮುರಿದ ಬೆರಳಿನವು, ಎಲ್ಲ ಜೀವಗಳೂ ಇದ್ದವು. ಮೊಸರಾಗುವುದೇ ಅವುಗಳಿಂದ. ಅದು ಹೇಳಬೇಕಾದ ಪಾಠವೇ. ಹೇಳಿದ್ದರೆ ಸೆರಗು ಕೊಡವಿಬಿಡುತ್ತಿದ್ದಳು. ಎದುರಿಗೆ ನಿಂತು ಕೇಳಿದ ಮೇಲೂ ಗೊತ್ತಿದ್ದದ್ದನ್ನು ಹೇಳದೆ ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡೆ.

ಎರಡು ಮೂರು ದಿನದ ಮೇಲೆ, ನಾನು ಸ್ಕೂಲಿಗೆ ಹೊರಟು ಬೀಗ ಹಾಕುತ್ತಿದ್ದಾಗ, ಎದುರಿನಿಂದ ಅಕ್ಕ ಕೂಗಿದಳು. "ಟೀಚರಮ್ಮ, ಕಲ್ಲು ಕೂತಂಗೆ ಕೂತದೆ ಕಣಮ್ಮ ಮೊಸರು. ಸಿಹಿಯಾಗೈತೆ."

'ಕಣಮ್ಮ' ಅಂದಳು. ಎಷ್ಟು ತಿಂಗಳ ಮೇಲೆ. ಅವಳ ಕೈಯಲ್ಲಿ ಬಟ್ಟಲಿತ್ತು, ಪಕ್ಕದ ಮನೆಗೆ ಹೆಪ್ಪು ಕೊಡಲು ಹೊರಟಿದ್ದಳು. ಅದರ ಪಕ್ಕದವಳೂ ಬಟ್ಟಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಸಂಜೆಯೊಳಗೆ ಬೀದಿಯ ಎಲ್ಲ ಮನೆಯಲ್ಲೂ ಅದೇ ಇರುತ್ತದೆ. ನನಗೆ ಏನಾಯಿತೋ ಗೊತ್ತಿಲ್ಲ, ಬೀಗದ ಕೈ ಹಿಡಿದುಕೊಂಡೇ ಕೇಳಿಬಿಟ್ಟೆ.

"ನಂಗೂ ಒಂದು ಚಮಚ ಹೆಪ್ಪು ಕೊಡಕ್ಕ."

ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ನಿಜವಾಗಲೂ ಅರ್ಥವಾಗಲಿಲ್ಲ.

"ನಿಮ್ಮನೇಲೇ ಐತಲ್ಲ ಟೀಚರಮ್ಮ," ಅಂದಳು, ಬಟ್ಟಲ ಮೇಲೆ ಕೈ ಮುಚ್ಚಿ ಪಕ್ಕದ ಮನೆಯ ಕಡೆ ತಿರುಗಿದಳು.

ಬಸ್ಸು ಹೋಗಿಬಿಡುತ್ತಿತ್ತು. ಹಾಕಿದ ಬೀಗ ತೆಗೆದು ಒಳಗೆ ಹೋದೆ. ಬೆಳಗಿನ ಅನ್ನ ಇತ್ತು. ಸೊಟ್ಟ ಬಟ್ಟಲಿಗೆ ಮೊಸರು ಹಾಕಿಕೊಂಡು, ಉಪ್ಪು ಕಲಸಿ, ಕಿಟಕಿಯ ಹತ್ತಿರ ನಿಂತು ಉಂಡೆ. ಆಚೆ ಬಟ್ಟಲು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುತ್ತಿತ್ತು. ಅವತ್ತು ರಾತ್ರಿ ಬೀದಿಯವರೆಲ್ಲ ಉಂಡದ್ದೂ ನನ್ನ ಮನೆಯ ಮೊಸರೇ.