ತಿಕ್ಕಬೇಡ್ರಪ್ಪಾ, ತೊಳೀರಿ!

"ಏಯ್, ನಲ್ಲಿ ಮುಟ್ಟಬೇಡ! ಮೊದಲು ಕೊಡವಿಕೋ. ಕೊಡವಿಕೋ ಅಂದೆ ನಾನು!"

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಣ್ಣದ ಸೀಮೆಸುಣ್ಣ ತಯಾರಿಸುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿದ ಸೈರನ್ ಈಗಷ್ಟೇ ಕೂಗಿದೆ. ಹಿಂಬದಿಯ ಬಚ್ಚಲಿನ ಕಡೆಗೆ ಹಳದಿ, ಗುಲಾಬಿ, ನೀಲಿ ಹಣೆಗಳು ನುಗ್ಗುತ್ತಿವೆ. ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತ ಹೆಂಗಸಿನ ಒಂದು ಕೈಯಲ್ಲಿ ಮೆತ್ತನೆಯ ಬ್ರಷ್ಷಿದೆ, ಇನ್ನೊಂದು ಕೈ ಪಕ್ಕದ ನಲ್ಲಿಯ ತಿರುಪಿನ ಮೇಲಿದೆ. ಅವಳ ಕಣ್ಣು ತಪ್ಪಿಸಿ ಮೂಲೆಯ ಬಕೆಟ್ಟಿಗೆ ಕೈ ಹಾಕಿದ ಒಬ್ಬ, ಬೊಗಸೆ ನೀರನ್ನು ರಪ್ಪನೆ ಮುಖಕ್ಕೆ ಎರಚಿಕೊಂಡೇ ಬಿಟ್ಟ. ಅವಳು ಹಣೆ ಹಣೆ ಬಡಿದುಕೊಳ್ಳುತ್ತಾಳೆ.

"ಆಯ್ತು, ಕಲಸಿದ ಗಾರೆ! ಇನ್ನು ಗೋಡೆಗೆ ಬಳಿಯೋದೊಂದು ಬಾಕಿ."

ಅವಳ ಕೋಪದಲ್ಲಿ ತಪ್ಪೇನಿಲ್ಲ. ಸೀಮೆಸುಣ್ಣದ ಪುಡಿ ಒಣಗಿದ್ದಾಗ ಊದಿದರೂ ಹಾರಿಹೋಗುತ್ತದೆ. ನೀರು ಬಿತ್ತೋ, ಹುಬ್ಬಿನ ಬುಡದಲ್ಲಿ, ಕೂದಲಂಚಿನಲ್ಲಿ, ಕಿವಿಯ ಹಿಂದೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಕೀಳಲು ಉಗುರು, ಇಟ್ಟಿಗೆ ಚೂರು, ಬಟ್ಟೆ ಒಗೆಯುವ ಪುಡಿ, ಒಂದಲ್ಲ ಎರಡಲ್ಲ. ರಾತ್ರಿಯಿಡೀ ಸೀಮೆಸುಣ್ಣದ ಜೊತೆ ಬದುಕುವ ಜನಕ್ಕೆ ಇಷ್ಟು ಗೊತ್ತಿರಬೇಡವೇ? ಪುಡಿಗೆ ನೀರು ಬೆರೆಸಿ ಅಚ್ಚಿಗೆ ಹಾಕುವಾಗ ಎಲ್ಲರಿಗೂ ಗೊತ್ತು. ಮುಖದ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ಮರೆಯುತ್ತಾರೆ.

ಕಾರ್ಖಾನೆಯ ಲೆಕ್ಕದಲ್ಲಿ ಅವಳ ಕೆಲಸ ಬಚ್ಚಲು ತೊಳೆಯುವುದು, ತೊಟ್ಟಿಗೆ ನೀರು ತುಂಬಿಸುವುದು. ಮುಖ ಕಾಯುವ ಕೆಲಸವನ್ನು ಅವಳಿಗೆ ಯಾರೂ ವಹಿಸಿಲ್ಲ, ಅವಳೇ ಮೈಮೇಲೆ ಎಳೆದುಕೊಂಡಿದ್ದು. ಕಾರ್ಖಾನೆಗೆ ಬರುವ ನರ್ಸಮ್ಮನ ಹತ್ತಿರ ಕೇಳಿ ಕೇಳಿ ಒಂದಿಷ್ಟು ಕಲಿತಳು. ಉಳಿದದ್ದು ನೋಡಿ ನೋಡಿ ಬಂತು. ಜನ ಅವಳನ್ನು 'ಮುಖದಕ್ಕ' ಎನ್ನುತ್ತಾರೆ. ಮೊದಲು ಗೇಲಿಗೆ ಅಂದದ್ದು, ಈಗ ರೂಢಿಯಾಗಿದೆ. ದಿನಕ್ಕೆ ಎಷ್ಟು ಮುಖ ಎಂದು ಕೇಳಿದರೆ ರೇಗುತ್ತಾಳೆ. "ಲೆಕ್ಕ ಹಾಕ್ಕೊಂಡು ಕೂತ್ರೆ ಅಷ್ಟರಲ್ಲಿ ನಾಲ್ಕು ಜನ ಚರ್ಮ ಕಿತ್ಕೊಂಡಿರ್ತಾರೆ."

ಅವಳ ಪಾಠ ದೊಡ್ಡದೇನಲ್ಲ. ಮೊದಲು ಒಣ ಬ್ರಷ್ಷಿನಿಂದ ಪುಡಿ ಕೊಡವಬೇಕು. ಆಮೇಲೆ ಕೈ ತೊಳೆಯಬೇಕು. ಇಲ್ಲಿ ಅವಳು ಪ್ರತಿ ಸಲ ದನಿ ಎತ್ತುತ್ತಾಳೆ, ಏಕೆಂದರೆ ನೀಲಿ ಅಂಗೈಯಲ್ಲೇ ಮುಖ ತೊಳೆದು 'ಅಕ್ಕಾ, ಹೋಗ್ತಾನೇ ಇಲ್ಲ' ಎಂದು ಹಲ್ಲು ಕಿರಿಯುವವರು ದಿನಾ ಸಿಗುತ್ತಾರೆ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು. ನೊರೆ ಬರಿಸುವುದು ಕೈಯಲ್ಲಿ, ಕೆನ್ನೆಯ ಮೇಲಲ್ಲ. ಬೆರಳ ತುದಿಯಿಂದ ಮೆತ್ತಗೆ ಸವರಬೇಕು, ದವಡೆಯ ಕೆಳಗೂ ಕಿವಿಯ ಹಿಂದೂ ಮರೆಯಬಾರದು. ಸೋಪು ಪೂರ್ತಿ ಹೋಗುವ ತನಕ ನೀರು ಹಾಕಿ, ಟವೆಲನ್ನು ಒತ್ತಿ ತೆಗೆಯಬೇಕು. ಮುಖದಲ್ಲಿ ಇನ್ನೂ ಹಸಿ ಇರುವಾಗಲೇ ಒಂದು ಚೂರು ಕ್ರೀಮು ಸವರಬೇಕು. ಅಲ್ಲಿಗೆ ಮುಗಿಯಿತು.

ಮುಗಿಯುವುದೆಲ್ಲಿ ಬಂತು! ಇಲ್ಲಿನವರಿಗೆ ಬಿಳಿ ಟವೆಲಿನ ಪರೀಕ್ಷೆ ಎಂಬ ಹುಚ್ಚೊಂದಿದೆ. ಒರೆಸಿದರೆ ಟವೆಲಿಗೆ ಬಣ್ಣ ಹತ್ತಬಾರದು. ಹತ್ತಿದರೆ ಮತ್ತೆ ತಿಕ್ಕು, ಮತ್ತೆ ಒರೆಸು. ಯಾರ ಟವೆಲು ಹೆಚ್ಚು ಬೆಳ್ಳಗಿದೆ ಎಂದು ಗಂಡಸರು ಪರಸ್ಪರ ತೋರಿಸಿಕೊಂಡು ಬೀಗುತ್ತಾರೆ. "ಚರ್ಮದೊಳಗೆ ಕೂತ ಛಾಯೆ ಒಂದೆರಡು ದಿನದಲ್ಲಿ ತಾನಾಗೇ ಹೋಗುತ್ತೆ. ಬಣ್ಣ ಹೋಗುತ್ತೆ ಕಣ್ರಪ್ಪಾ, ಕಿತ್ತ ಚರ್ಮ ಎಲ್ಲಿಂದ ತರ್ತೀರಾ ಅಂತ ಗಂಟಲು ಹರ್ಕೋತೀನಿ. ಯಾರು ಕಿವಿಗೆ ಹಾಕ್ಕೋತಾರೆ?" ಎನ್ನುತ್ತಾಳೆ. ಟವೆಲಿನ ಪರೀಕ್ಷೆಯನ್ನು ಅವಳು ಬಚ್ಚಲಿನಿಂದಲೇ ಓಡಿಸಿದ್ದಾಳೆ. ಅದು ಈಗ ಸೈಕಲ್ ಸ್ಟ್ಯಾಂಡಿನಲ್ಲಿ ನಡೆಯುತ್ತದೆ.

ಇಷ್ಟೆಲ್ಲ ಮಾಡುವವಳ ಮರ್ಯಾದೆ ಮೂರು ಕಾಸಿಗೆ ಇಳಿದದ್ದು ಸ್ವಂತ ಗಂಡನಿಂದ.

ಅವರೂ ಇಲ್ಲಿಯವರೇ. ಬಣ್ಣ ಬೆರೆಸುವ ವಿಭಾಗದಲ್ಲಿ ನೀಲಿ ಅವರ ಪಾಲಿನದು. ಸುಣ್ಣದ ಹಿಟ್ಟಿಗೆ ಎಷ್ಟು ಬಣ್ಣ ಬಿದ್ದರೆ ಕಪ್ಪು ಹಲಗೆಯ ಮೇಲೆ ಗೆರೆ ಎದ್ದು ಕಾಣುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುತ್ತಾರೆ. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ಪ್ರಪಂಚವೇ ಇಲ್ಲ. ಅಂಥವರ ಕೆನ್ನೆ, ಹಣೆ ಕೆಲವು ತಿಂಗಳ ಹಿಂದೆ ಕೆಂಪಗಾಗತೊಡಗಿದವು. ಮೊದಲು ಉರಿ, ಆಮೇಲೆ ಹೊಪ್ಪಳೆ, ಆಮೇಲೆ ಅಲ್ಲಲ್ಲಿ ಒಡೆದು ರಸಿಗೆ. ತಪಾಸಣೆಗೆ ಬಂದ ನರ್ಸಮ್ಮ ಖಡಾಖಂಡಿತವಾಗಿ ಹೇಳಿದರು: ಗಾಯವಾದ ಚರ್ಮಕ್ಕೆ ಬಣ್ಣ ತಾಗಬಾರದು; ಮುಂದಿನ ತಪಾಸಣೆಯೊಳಗೆ ಮಾಯದಿದ್ದರೆ ಡಬ್ಬಿ ತುಂಬುವ ವಿಭಾಗಕ್ಕೆ ಹೋಗಬೇಕು, ಮತ್ತೆ ನೀಲಿಯ ಹತ್ತಿರ ಬರುವಂತಿಲ್ಲ.

"ನನ್ನ ಕಣ್ಣೆದುರಿಗೇ ತೊಳೀತಿದ್ರು. ಕೊಡವಿ, ಕೈ ತೊಳೆದು, ಒತ್ತಿ ಒರೆಸಿ, ಎಲ್ಲ ಸರಿಯಾಗೇ ಇತ್ತು" ಎನ್ನುವಾಗ ಅವಳ ದನಿಯಲ್ಲಿ ಈಗಲೂ ಸಿಟ್ಟಿದೆ. ಅವಳು ಸೋಪು ಬದಲಾಯಿಸಿದಳು, ಟವೆಲು ಬದಲಾಯಿಸಿದಳು, ನೀರು ಕಾಯಿಸಿ ಆರಿಸಿ ಕೊಟ್ಟಳು. ಮುಖ ಮಾತ್ರ ದಿನದಿನಕ್ಕೆ ಕೆಟ್ಟಿತು. ಬಚ್ಚಲಲ್ಲಿ ಪಿಸುಮಾತು ಶುರುವಾಯಿತು. ಕೊನೆಗೊಬ್ಬ ಎಲ್ಲರೆದುರಿಗೇ ಕೇಳಿದ: "ಅಕ್ಕಾ, ನಿಮ್ಮ ಯಜಮಾನ್ರ ಮುಖ ನೋಡಿದ್ರೆ ನಮ್ಮ ಇಟ್ಟಿಗೆ ಚೂರೇ ವಾಸಿ ಅನ್ಸುತ್ತಲ್ಲಾ?" ಅಷ್ಟು ವರ್ಷ ಬೈದು ಬೈದು ದಾರಿಗೆ ತಂದವರು ಒಬ್ಬೊಬ್ಬರಾಗಿ ಮತ್ತೆ ಒಗೆಯುವ ಪುಡಿಗೆ ಕೈ ಹಾಕಿದರು.

ಗುಟ್ಟು ರಟ್ಟಾದದ್ದು ಕಾರ್ಖಾನೆಯ ಪಂಪು ಕೆಟ್ಟ ದಿನ. ನೀರಿಲ್ಲದ ಬಚ್ಚಲನ್ನು ತೊಳೆಯುವುದೇನು? ಪಾಳಿಯವರನ್ನು ಕಳಿಸಿ ಅವಳು ಎಂದಿಗಿಂತ ಬೇಗ ಮನೆಗೆ ಹೊರಟಳು. ಬಾಗಿಲು ತೆಗೆದಿತ್ತು. ಹತ್ತು ತಿಂಗಳ ಮೊಮ್ಮಗಳು ಚಾಪೆಯ ಮೇಲೆ ಕೂತು ಮನೆ ಹಾರಿಹೋಗುವ ಹಾಗೆ ಅಳುತ್ತಿದ್ದಳು. ಅಡುಗೆಮನೆಯ ಸಿಂಕಿನ ಮೇಲೆ ಬಾಗಿ, ಪಾತ್ರೆ ಉಜ್ಜುವ ನಾರಿಗೆ ಪುಡಿ ಹಚ್ಚಿಕೊಂಡು ಯಜಮಾನರು ಹುಬ್ಬು ಉಜ್ಜಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಅದೇ ನಾರಿನಿಂದ ತೊಳೆದ ತಪ್ಪಲೆ ಫಳಫಳ ಹೊಳೆಯುತ್ತಿತ್ತು.

"ರೀ! ಏನ್ರೀ ಇದು? ಅದು ಮುಖಾನಾ, ತಳ ಹತ್ತಿದ ಪಾತ್ರೆನಾ?"

ಯಜಮಾನರು ತಿರುಗಿದರು. ಹಣೆಯಿಂದ ನೀರು ಇಳಿಯುತ್ತಿತ್ತು, ಅದರಲ್ಲಿ ಸ್ವಲ್ಪ ರಕ್ತವೂ ಇತ್ತು. "ಮಗು ನನ್ನ ನೋಡಿದ್ರೆ ಹೆದರ್ತಾಳೆ ಕಣೇ" ಎಂದರು. "ದಿನಾ ಅಳ್ತಾಳೆ. ಈ ಹಾಳು ನೀಲಿಗೆ. ನೀನು ತಾನಾಗೇ ಹೋಗುತ್ತೆ ಅಂತೀಯ. ಅದು ಹೋಗೋದ್ರೊಳಗೆ ಮಾರನೇ ದಿನದ ನೀಲಿ ಬಂದಿರುತ್ತಲ್ಲ? ತಾತ ಅಂದ್ರೆ ದೆವ್ವ ಅಂತ ಅಂದ್ಕೊಂಡೇ ಬೆಳೀಬೇಕಾ ಅದು?"

ಬೈಯಲು ಬಾಯಿ ತೆಗೆದವಳು ಅಲ್ಲೇ ನಿಂತಳು. ಬೈಯಲಿಲ್ಲವೆಂದಲ್ಲ, ಆಮೇಲೆ ಬೇಕಾದಷ್ಟು ಬೈದಳು, ನಾರನ್ನು ಕಿಟಕಿಯಾಚೆ ಎಸೆದಳು. ಆದರೆ ಆ ಗಳಿಗೆಯಲ್ಲಿ ಅವಳಿಗೆ ಗಂಡನ ಮೇಲೆ ಮರುಕ ಉಕ್ಕಿತು. ಇಷ್ಟು ದಿನ ಒಂದು ಮಾತು ಹೇಳದೆ, ಗಾಯದ ಮೇಲೆ ಗಾಯ ಮಾಡಿಕೊಂಡು, ಮರುದಿನ ಅವಳ ಮುಂದೆ ಒಳ್ಳೆಯ ಹುಡುಗನಂತೆ ಮುಖ ತೊಳೆದಿದ್ದರಲ್ಲ!

ಮಗು ಅಳುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮುಂದಿನ ವಾರ ಮಗಳ ರಜೆಯ ದಿನ. ಮಗಳು ಮುಂಜಾನೆಯ ಬಸ್ಸಿಗೆ ಕೆಲಸಕ್ಕೆ ಹೋಗುವವಳು. ಪಾಳಿ ಮುಗಿಸಿ ಬಂದ ಅಪ್ಪನ ಕೈಗೆ ಬಾಗಿಲಲ್ಲೇ ಮಗುವನ್ನು ಕೊಟ್ಟು ಓಡುತ್ತಾಳೆ. ಅವತ್ತು ಓಡಲಿಲ್ಲ, ಗೋಡೆಗೊರಗಿ ಕೂತೇ ಇದ್ದಳು. ಯಜಮಾನರು ಮುಖ ಮರೆಸಿಕೊಂಡು ಒಳಗೆ ನುಸುಳಲು ನೋಡಿದರು. ಮೊಮ್ಮಗಳು ಅಂಬೆಗಾಲಿಟ್ಟು ಹಿಂದೆಯೇ ಹೋಗಿ ಕಾಲು ಹಿಡಿದು ನಿಂತು, ಬಗ್ಗಿದ ತಾತನ ನೀಲಿ ಹುಬ್ಬಿಗೆ ಬೆರಳಿಟ್ಟು ಕಿಲಕಿಲ ನಕ್ಕಳು. ನಕ್ಕದ್ದೂ ನಕ್ಕದ್ದೇ.

"ಅದು ಅಳ್ತಿದ್ದದ್ದು ಅವರಮ್ಮ ಬಸ್ಸಿಗೆ ಹೋಗ್ತಾಳೆ ಅಂತ ಕಣ್ರೀ!" ಎಂದು ಮುಖದಕ್ಕ ನೆಲಕ್ಕೆ ಕುಸಿದು ತಲೆ ಚಚ್ಚಿಕೊಂಡಳು. "ಯಾವ ಮಗು ಅಳಲ್ಲ? ನಿಮ್ಮ ಮಗಳು ಅಳ್ತಿರ್ಲಿಲ್ವಾ? ಅಷ್ಟಕ್ಕೆ ಮುಖದ ತೊಗಟೆ ಕಿತ್ಕೊಂಡ್ರಲ್ಲಾ!" ಮಗಳು ನಗಬೇಕೋ ಅಳಬೇಕೋ ತಿಳಿಯದೆ ಅಪ್ಪನ ಮುಖ ನೋಡುತ್ತಿದ್ದಳು. ಯಜಮಾನರು ಮಾತ್ರ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮಗು ಮುಟ್ಟಿದ ಹುಬ್ಬನ್ನೇ ಮತ್ತೆ ಮತ್ತೆ ಅದರ ಕೈಗೆ ಒಡ್ಡುತ್ತಿದ್ದರು.

ಆ ಮುಖ ಮಾಯಲು ಬಹಳ ದಿನ ಹಿಡಿಯಿತು. ಮಾಯುವ ತನಕ ನೀಲಿಯ ಹತ್ತಿರ ಹೋಗಬಾರದೆಂದು ಹೆಂಡತಿಯೇ ಗುಮಾಸ್ತರ ಬಳಿ ಮಾತಾಡಿ ಅವರನ್ನು ಗೋದಾಮಿಗೆ ಹಾಕಿಸಿದಳು. ಅವರು ಮೂತಿ ಊದಿಸಿಕೊಂಡೇ ಹೋದರು. ತಪಾಸಣೆಯ ದಿನ ನರ್ಸಮ್ಮ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ, ಹಣೆ ಒತ್ತಿ ನೋಡಿ, "ಸರಿ, ನಾಳೆಯಿಂದ ನೀಲಿಗೆ ಹೋಗಿ" ಎಂದರು. ಅಂದು ಬಚ್ಚಲಿನಲ್ಲಿ ಬ್ರಷ್ಷಿಗಾಗಿ ಸಾಲು ನಿಂತಿತ್ತು. ಸಾಲಿನಲ್ಲಿ ಇಟ್ಟಿಗೆ ಚೂರಿನವನೂ ಇದ್ದ. ಅವನಿಗೆ ಅವಳು ಒಂದು ಮಾತೂ ಆಡಲಿಲ್ಲ. "ಆಡಿದ್ರೆ ಅವತ್ತೆಲ್ಲ ಆಡ್ತಾನೇ ಇರಬೇಕಾಗ್ತಿತ್ತು" ಎನ್ನುತ್ತಾಳೆ.

ಈಗ ಬೆಳಗಿನ ಬಿಸಿಲು ಅವರ ಮನೆಯ ಹೊಸ್ತಿಲ ತನಕ ಬಂದಿದೆ. ಮಗಳ ಬಸ್ಸು ಹೋಗಿದೆ, ಮೊಮ್ಮಗಳು ವಾಡಿಕೆಯಂತೆ ಅತ್ತು ಮುಗಿಸಿದ್ದಾಳೆ. ಯಜಮಾನರ ಹಣೆಯಲ್ಲಿ ತೆಳ್ಳನೆಯ ನೀಲಿ ಉಳಿದೇ ಇದೆ, ಅದರ ಕೆಳಗಿನ ಚರ್ಮ ಮಾತ್ರ ನುಣ್ಣಗಿದೆ. ಮಗು ಎಂಜಲು ಕೈಯಿಂದ ಅವರ ಕೆನ್ನೆಗೆ ಪಟಪಟನೆ ಬಡಿಯುತ್ತಿದೆ. ಅವರು ಮುಖ ಹಿಂದಕ್ಕೆ ತೆಗೆಯುತ್ತಿಲ್ಲ.

ಇಷ್ಟು ದಿನದ ದುಡಿತಕ್ಕೆ ಏನು ಬೇಕೆನಿಸುತ್ತದೆ ಎಂದು ಕೇಳಿದರೆ ಮುಖದಕ್ಕ ಸ್ವಲ್ಪ ಹೊತ್ತು ಆ ಇಬ್ಬರನ್ನೇ ನೋಡುತ್ತಾಳೆ. ಕಣ್ಣು ಒರೆಸಿಕೊಳ್ಳುತ್ತಾಳೆ, ಅದೂ ಒತ್ತಿ. ಆಮೇಲೆ ಗಂಡನಿಗೆ ಕೇಳಿಸುವಂತೆ ದನಿ ಎತ್ತರಿಸುತ್ತಾಳೆ:

"ಇನ್ನೊಂದೆರಡು ವರ್ಷಕ್ಕೆ ಅವಳು ತಾನೇ ಮುಖ ತೊಳ್ಕೊಳ್ಳೋ ಹಾಗೆ ಆಗ್ತಾಳೆ. ಅವಳಿಗೆ ಕಲಿಸೋದು ನಾನು. ಈ ಮನುಷ್ಯ ಆ ಕಡೆ ತಲೆ ಹಾಕಕೂಡದು. ಅಷ್ಟು ಬರ್ಕೊಳ್ಳಿ, ಸಾಕು."